ಬೇರೆ ಒಲೆಯ ಅಫಿಡವಿಟ್

1970ರ ಜೂನ್ 14, ಭಾನುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಘಾಟ್ಕೋಪರ್‌ನ ಬಿಲ್ಡಿಂಗೊಂದರ ಎರಡನೇ ಮಹಡಿಯಲ್ಲಿ, ವಕೀಲ ಕಾಂತಪ್ಪನ ಮನೆಯ ಹೊರಕೋಣೆಯ ಬೆಂಚಿನ ಮೇಲೆ ಮೂವರು ಕಕ್ಷಿಗಾರರು ಕೂತಿದ್ದರು. ಆ ಬೆಂಚು ಮೂವರನ್ನೇ ಹಿಡಿಯುವುದು. ನಾಲ್ಕನೆಯವನು ಬಾಗಿಲಲ್ಲಿ ನಿಂತು ಕೊಡೆಯ ನೀರು ಕೊಡವುತ್ತಿದ್ದ.

ಕಾಂತಪ್ಪ ಶರ್ಟಿನ ಗುಂಡಿ ಹಾಕುತ್ತ ಒಳಗಿನಿಂದ ಬಂದ. ಮೂವರೂ ಅರ್ಧ ಎದ್ದರು. ಬಂದವನು ಯಾರೆಂದು ನೋಡಿ ಮತ್ತೆ ಕೂತರು.

"ನೈರೋಬಿವಾಲೆ ವಕೀಲ್ ಸಾಹೇಬ್?" ಎಂದು ಅವರಲ್ಲಿ ಹಿರಿಯ ಜಮನಾದಾಸ್ ಕೇಳಿದ.

"ಸ್ನಾನಕ್ಕೆ ಹೋಗಿದ್ದಾರೆ. ನಾನೂ ವಕೀಲನೇ. ಏನು ಕೆಲಸ?"

"ನಹೀ ನಹೀ, ಆಪ್ ಕೋ ಕ್ಯೋಂ ತಕಲೀಫ್. ಹಮ್ ಬೈಠೇ ಹೈಂ."

ತಮಗೇಕೆ ತೊಂದರೆ, ಕಾಯುತ್ತೇವೆ ಎಂಬ ಆ ಮಾತಿಗೆ ಕಾಂತಪ್ಪ ಹಾಗೆಯೇ ಒಳಗೆ ಹೋದ. ಹೊರಬಾಗಿಲ ಮೇಲೆ 'ಕೆ. ಕಾಂತಪ್ಪ, ಬಿ.ಎ., ಎಲ್ಎಲ್.ಬಿ., ಅಡ್ವೊಕೇಟ್' ಎಂಬ ಹಿತ್ತಾಳೆಯ ಬೋರ್ಡು ಹನ್ನೊಂದು ವರ್ಷದಿಂದ ಇತ್ತು. ಇಷ್ಟು ಕಕ್ಷಿಗಾರರು ಆ ಮನೆಯ ಮೆಟ್ಟಿಲು ಹತ್ತತೊಡಗಿದ್ದು ಮಾತ್ರ ಹದಿನಾರು ತಿಂಗಳಿಂದೀಚೆಗೆ, ಧರ್ಮಣ್ಣ ಎರಡು ಟ್ರಂಕು ಹಿಡಿದು ಬಂದ ಮೇಲೆ.

ಧರ್ಮಣ್ಣ ಕಾಂತಪ್ಪನ ತಂಗಿ ಶೀಲಾವತಿಯ ಗಂಡ. ಅದಕ್ಕೂ ಮೊದಲು ಗೆಳೆಯ. ಇಬ್ಬರೂ ಉಡುಪಿಯ ಕಡೆಯಿಂದ ಬಂದು ಬೊಂಬಾಯಿಯ ಕೋಟೆ ಪ್ರದೇಶದ ಒಂದೇ ಹೋಟೆಲಿನಲ್ಲಿ ಕಪ್ಪು ತೊಳೆದವರು; ರಾತ್ರಿಶಾಲೆಯಲ್ಲಿ ಒಂದೇ ಬೆಂಚಿನವರು. 1949ರಲ್ಲಿ ನೈರೋಬಿಯ ವಕೀಲರ ಆಫೀಸೊಂದಕ್ಕೆ ಇಬ್ಬರು ಗುಮಾಸ್ತರು ಬೇಕೆಂದು ತಿಳಿದು ಇಬ್ಬರೂ ಅರ್ಜಿ ಹಾಕಿದ್ದರು. ಹೊರಗಿನಿಂದ ಬರುವವರ ಸಂಖ್ಯೆಗೆ ಅಲ್ಲಿನ ಸರ್ಕಾರ ಮಿತಿ ಹಾಕಿತ್ತು. ಬಂದದ್ದು ಒಂದೇ ಪರ್ಮಿಟ್. ಅದರ ಮೇಲೆ ಧರ್ಮಣ್ಣನ ಹೆಸರಿತ್ತು. ಕಾಂತಪ್ಪ ಅವನನ್ನು ಬಂದರಿನವರೆಗೆ ಬಿಟ್ಟು ಬಂದು, ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು, ಸಂಜೆ ಲಾ ಕಾಲೇಜಿಗೆ ಹೋದ. ಧರ್ಮಣ್ಣ ನೈರೋಬಿಯಿಂದ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದ. ಬ್ರಿಟಿಷ್ ಪಾಸ್‌ಪೋರ್ಟು ಮಾಡಿಸಿಕೊಂಡ.

ಆ ದೇಶ ಸ್ವತಂತ್ರವಾದ ಮೇಲೆ ನೈರೋಬಿಯಲ್ಲಿ ಪ್ರಜೆಗಳಲ್ಲದವರಿಗೆ ಕೆಲಸದ ಪರ್ಮಿಟ್ ಬೇಕಾಯಿತು. ಧರ್ಮಣ್ಣನಿಗೆ ಅದು ಸಿಗಲಿಲ್ಲ. ಬ್ರಿಟನ್ ಅಷ್ಟರಲ್ಲಿ ತನ್ನದೇ ಪಾಸ್‌ಪೋರ್ಟು ಇದ್ದ ಇಂಥವರಿಗೂ ಒಳಬರಲು ವೋಚರ್ ಎಂಬ ಪರವಾನಗಿ ಬೇಕೆಂದು, ವರ್ಷಕ್ಕೆ ಇಂತಿಷ್ಟೇ ಎಂದು ಕಾನೂನು ಮಾಡಿತ್ತು. ಆ ವೋಚರಿನ ಕ್ಯೂನಲ್ಲಿ ಹೆಸರು ಬರೆಸಿ ಅವನು ಬೊಂಬಾಯಿಗೆ ಬಂದ. ಇಲ್ಲಿ ಕರಿಕೋಟು ಹಾಕಬೇಕಾದರೆ ಭಾರತದ ಪ್ರಜೆಯಾಗಬೇಕು. ಪ್ರಜೆಯಾದರೆ ಪಾಸ್‌ಪೋರ್ಟೂ ಹೋಯಿತು, ಕ್ಯೂ ಕೂಡ ಹೋಯಿತು. ಮೂರು ದೇಶದ ಕಾನೂನು ಓದಿದವನು ಮಡಚುವ ಮೇಜಿನ ಮುಂದೆ ಕೂತು, ಆಫ್ರಿಕಾದಿಂದ ತನ್ನಂತೆಯೇ ಬಂದಿಳಿದ ಗುಜರಾತಿಗಳ ಅರ್ಜಿ ಬರೆಯುತ್ತಿದ್ದ. ಕೆಳಗೆ 'ಇವರು ನನಗೆ ಪರಿಚಿತರು' ಎಂದು ಸಹಿ ಹಾಕುವವನು ಕಾಂತಪ್ಪ. ಫೀ ಕಾಂತಪ್ಪನ ಕೈಗೆ ಬರುತ್ತಿತ್ತು. ನಮಸ್ಕಾರ, ಫರ್ಸಾಣ್ ತಿಂಡಿ, ಮೋಸಂಬಿಯ ಬುಟ್ಟಿ ಧರ್ಮಣ್ಣನ ಕೈಗೆ ಹೋಗುತ್ತಿದ್ದವು.

ಅಡುಗೆಮನೆಯಲ್ಲಿ ಕಾಂತಪ್ಪನ ಹೆಂಡತಿ ನೀಲಾವತಿ ನೀರುದೋಸೆಗೆ ಹಿಟ್ಟು ಕಲಸುತ್ತಿದ್ದಳು. ಶೀಲಾವತಿ ಸೌಟಿನಲ್ಲಿ ಹಿಟ್ಟೆತ್ತಿ ಇಳಿಬಿಟ್ಟು ನೋಡಿದಳು.

"ದಪ್ಪ ಆಯ್ತು ಅತ್ತಿಗೆ. ಅಣ್ಣನಿಗೆ ಹೀಗೆ ಸೇರುದಿಲ್ಲ."

"ಇಪ್ಪತ್ತು ವರ್ಷ ಸೇರಿದೆ."

"ಸೇರುದು ಬೇರೆ, ತಿಂದು ಸುಮ್ಮನಿರುದು ಬೇರೆ," ಎಂದು ಶೀಲಾವತಿ ಅರ್ಧ ಲೋಟ ನೀರು ಸುರಿದೇಬಿಟ್ಟಳು.

ನೀಲಾವತಿ ಕಾವಲಿಗೆ ಎಣ್ಣೆ ಸವರಿದಳು. ಅವರ ಕಡೆ ಅಳಿಯಸಂತಾನದ ಕಟ್ಟು. ಮನೆತನ ತಾಯಿಯಿಂದ ಮಗಳಿಗೆ. ಅಣ್ಣನ ಮನೆಯೆಂದರೆ ತಂಗಿಗೆ ತವರಲ್ಲ, ಸ್ವಂತ ಮನೆ. ಹೆಂಡತಿ ಹೊರಗಿನಿಂದ ಬಂದವಳು. ಈ ಮನೆ ಊರಿನದಲ್ಲ, ಘಾಟ್ಕೋಪರಿನದು, ಬಾಡಿಗೆ ಕಟ್ಟುವುದು ತನ್ನ ಗಂಡ ಎಂದು ನೀಲಾವತಿಗೆ ಗೊತ್ತಿತ್ತು. ಬಂದ ದಿನವೇ ಶೀಲಾವತಿ ಉಪ್ಪಿನ ಭರಣಿಯ ಜಾಗ ಬದಲಿಸಿದ್ದಳು. ಅದನ್ನು ನೀಲಾವತಿ ಹದಿನಾರು ತಿಂಗಳಲ್ಲಿ ಒಂದು ದಿನವೂ ಮರೆತಿರಲಿಲ್ಲ.

ಒಳಗೆ ಬಂದ ಗಂಡನ ಮುಖ ನೋಡಿ ಅವಳು ಕೇಳಿದಳು: "ಎಂತ, ಇವತ್ತೂ ಅವರನ್ನೇ ಕೇಳಿದ್ರಾ?"

"ಹೂಂ."

"ಬೋರ್ಡು ತೆಗೆದು 'ನೈರೋಬಿ ವಕೀಲರು ಒಳಗಿದ್ದಾರೆ' ಅಂತ ಹಾಕಿ."

"ದೋಸೆ ಹಾಕು ಮಾರಾಯ್ತಿ."

ಮರುದಿನ ಬಾಡಿಗೆ ಕೇಸುಗಳ ಕೋರ್ಟಿನ ವರಾಂಡದಲ್ಲಿ ಟೈಪಿಸ್ಟ್ ಬಂಡೆಪ್ಪ, ಧರ್ಮಣ್ಣ ಬರೆದ ಕರಡನ್ನು ಮಷೀನಿಗೆ ಏರಿಸಿದ. ಬಂಡೆಪ್ಪ ವಿಜಾಪುರದ ಕಡೆಯವನು. ಮರದ ಪೆಟ್ಟಿಗೆಯ ಮೇಲೆ ಮಷೀನು, ಕಾಲ ಬಳಿ ನೀರಿನ ಬಾಟಲಿ.

"ವಕೀಲ್ರ, ಇದು ನಿಮ್ ಡ್ರಾಫ್ಟ್ ಅಲ್ಲ ಬಿಡ್ರಿ," ಎಂದ, ಎರಡು ಸಾಲು ಬಡಿದು.

"ನಿನಗೆ ಹೇಗೆ ಗೊತ್ತು?"

"ನಿಮ್ದಾಗಿದ್ರ ನಡುವ ಎರಡು ಸಲ ನಿಂತು ನಿಮ್ಮನ್ನ ಕೇಳಬೇಕಾಕ್ಕಿತ್ತು. ಇದು ಎಣ್ಣಿ ಹಚ್ಚಿದಂಗ ಹೊಂಟೈತಿ ನೋಡ್ರಿ."

"ಬಾಯಿ ಮುಚ್ಚಿ ಟೈಪ್ ಮಾಡು."

"ಸಿಟ್ಟಾಗಬ್ಯಾಡ್ರಿ. ಬಾಡಿಗಿ ಕೇಸು ಬಿಟ್ಟು ನೀವೂ ಇದನ್ನ ಕಲೀರಿ. ಅವ್ರು ಅಲ್ಲಿ ಬಾಗ್ಲಾ ಮುಚ್ಚಿದಷ್ಟೂ ಇಲ್ಲಿ ವಕೀಲ್ರಿಗೆ ಸುಗ್ಗಿ."

ಸುಗ್ಗಿ ತನ್ನ ಮನೆಯಲ್ಲೇ ನಡೆದಿತ್ತು. ಕಾಂತಪ್ಪ ಅದರಲ್ಲಿ ಸಹಿ ಹಾಕುವವನು ಮಾತ್ರ. ಆ ವಾರ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

"ಭಾವ, ನಾನು ಯೋಚನೆ ಮಾಡಿದೆ. ನೀವು ಇಲ್ಲಿಯ ಪ್ರಜೆ ಆಗಿಬಿಡಿ. ಈ ವೋಚರ್ ಯಾವ ಕಾಲಕ್ಕೆ ಬರ್ತದೋ. ಬಾರ್ ಕೌನ್ಸಿಲಿನಲ್ಲಿ ನಾನು ಮಾತಾಡ್ತೇನೆ. ನನ್ನ ಜೂನಿಯರ್ ಆಗಿ ಸುರು ಮಾಡಿ."

ಧರ್ಮಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದ. "ನಲವತ್ತೆಂಟಕ್ಕೆ ಜೂನಿಯರ್?"

"ಇಲ್ಲಿಯ ಸೀನಿಯಾರಿಟಿ ನೋಂದಾಯಿಸಿದ ದಿನದಿಂದ, ಅಲ್ವಾ? ಕಾನೂನು ನಾನು ಮಾಡಿದ್ದಲ್ಲ."

"ನೈರೋಬಿಯಲ್ಲಿ ನನಗೇ ಇಬ್ಬರು ಜೂನಿಯರ್ ಇದ್ರು ಭಾವ."

"ಅಲ್ಲಿ ಇದ್ರು. ಇಲ್ಲಿ ಇಲ್ಲ."

"ಅಣ್ಣ," ಎಂದಳು ಶೀಲಾವತಿ, "ಅವರು ಬ್ಯಾರಿಸ್ಟರ್. ನಿನ್ನ ಫೈಲು ಹೊರಲಿಕ್ಕೆ ಬಂದದ್ದಲ್ಲ."

"ಈಗ ಹೊತ್ತದ್ದು ಯಾರು?" ಎಂದು ನೀಲಾವತಿ ಸಾರಿನ ಪಾತ್ರೆ ಕುಕ್ಕಿದಳು. "ಅವರು ಬರೆದದ್ದನ್ನು ಕೋರ್ಟಿಗೆ ಹೊತ್ತುಕೊಂಡು ಹೋಗುದು ಇವರು."

ಹದಿನೇಳರ ಮಗಳು ವಾರಿಜಾ ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದಳು. "ಅತ್ತೆ, ಹಪ್ಪಳ ಪಾಸ್ ಮಾಡಿ, ಪ್ಲೀಸ್," ಎಂದಳು. ಹಪ್ಪಳ ಒಬ್ಬರಿಂದ ಒಬ್ಬರಿಗೆ ಸಾಗಿತು. ಮಾತು ಅಲ್ಲಿಗೆ ನಿಂತಿತು.

ಆ ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕಾಂತಪ್ಪ ಧರ್ಮಣ್ಣನ ಟ್ರಂಕು ತೆರೆದ. ನಾಫ್ತಲೀನ್ ಗುಳಿಗೆಗಳ ನಡುವೆ ಕರಿ ಗೌನು, ಅದರ ಕೆಳಗೆ ತಗಡಿನ ಡಬ್ಬಿ, ಡಬ್ಬಿಯಲ್ಲಿ ಬ್ಯಾರಿಸ್ಟರರು ತಲೆಗೆ ಹಾಕುವ ಕುದುರೆಗೂದಲಿನ ಬಿಳಿ ಟೋಪಿ. ಕನ್ನಡಿಯ ಮುಂದೆ ನಿಂತು ಇಟ್ಟುಕೊಂಡು ನೋಡಿದ. ಅದು ಕಿವಿಯ ಮೇಲೆಯೇ ನಿಂತಿತು, ಕೆಳಗಿಳಿಯಲಿಲ್ಲ.

"ಅಪ್ಪ, ಸೈಜ್ ಸ್ಮಾಲ್ ಆಯ್ತು," ಎಂದಳು ವಾರಿಜಾ, ಬಾಗಿಲಲ್ಲಿ ಚಪ್ಪಲಿ ಕಳಚುತ್ತ.

ಅವನು ಟೋಪಿ ತೆಗೆದು ಡಬ್ಬಿಗೆ ಹಾಕಿದ. "ಜಿರಲೆ ಹೊಕ್ಕಿದೆಯಾ ಅಂತ ನೋಡಿದೆ."

"ತಲೆ ಮೇಲೆ ಇಟ್ಟು?"

ಜುಲೈ 14, ಮಂಗಳವಾರ, ವೋಚರ್ ಕಚೇರಿಯ ಕಾಗದ ಬಂತು. ಕ್ಯೂನಲ್ಲಿ ಧರ್ಮಣ್ಣನ ಸರದಿ ಹತ್ತಿರವಾಗಿತ್ತು. ಆದರೆ ವೋಚರ್ ಕೊಡುವುದು ಕುಟುಂಬದ ಮುಖ್ಯಸ್ಥನಿಗೆ ಮಾತ್ರ. ವಿಳಾಸಕ್ಕೆಂದು ಅವನು ಲಗತ್ತಿಸಿದ ರೇಷನ್ ಕಾರ್ಡಿನ ಪ್ರಕಾರ ಮುಖ್ಯಸ್ಥ ಕೆ. ಕಾಂತಪ್ಪ, ಅರ್ಜಿದಾರ ಅದೇ ಕುಟುಂಬದ ಐವರಲ್ಲಿ ಒಬ್ಬ. ಅದೇ ವಿಳಾಸದಲ್ಲಿ ಅವನದು ಬೇರೆ ಕುಟುಂಬವಾಗಿದ್ದಲ್ಲಿ, ಕೋಣೆ ಮತ್ತು ಅಡುಗೆಯ ವ್ಯವಸ್ಥೆಯ ವಿವರಗಳೊಂದಿಗೆ ಮನೆಯ ಯಜಮಾನನ ಪ್ರಮಾಣದ ಹೇಳಿಕೆಯನ್ನು ಆಗಸ್ಟ್ 14ರ ಒಳಗೆ ಸಲ್ಲಿಸಬೇಕು. ಇಲ್ಲದಿದ್ದರೆ ಅರ್ಜಿ ಮುಗಿದಂತೆ.

ಧರ್ಮಣ್ಣ ಕಾಗದವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟ. ಕಳೆದ ವರ್ಷ ರೇಷನ್ ಆಫೀಸಿನಲ್ಲಿ ಗುಮಾಸ್ತ ಕೇಳಿದ್ದ, ಒಂದೇ ಕಾರ್ಡೋ ಎರಡೋ ಎಂದು. "ಒಂದೇ ಮನೆಗೆ ಎರಡು ಕಾರ್ಡಾ? ಬಾಯಲ್ಲಿ ಅಪಶಕುನ ಬೇಡ," ಎಂದಿದ್ದಳು ಶೀಲಾವತಿ. ಯಾರೂ ಬೇಡವೆನ್ನಲಿಲ್ಲ. ಊರಿನ ಕಟ್ಟಿನಲ್ಲಿ ಬೆಳೆದವರಿಗೆ ಅದರಲ್ಲಿ ಬೇಡವೆನ್ನುವುದೇನೂ ಕಾಣಲಿಲ್ಲ. ಸಾವಿರ ಜನರ ಅರ್ಜಿ ತಿದ್ದಿದ ಧರ್ಮಣ್ಣನಿಗೂ ಕಾಣಲಿಲ್ಲ. ಕಾಂತಪ್ಪ ತನ್ನ ಹೆಸರಿನ ಕೆಳಗೆ ಧರ್ಮಣ್ಣನ ಹೆಸರನ್ನು ತಾನೇ ಬರೆದಿದ್ದ, ದುಂಡಗೆ.

"ನೀವೊಂದು ಅಫಿಡವಿಟ್ ಕೊಟ್ರೆ ಮುಗೀತು ಭಾವ. ನಮ್ಮದು ಬೇರೆ ಒಲೆ ಅಂತ."

"ಬೇರೆ ಒಲೆ ಎಲ್ಲುಂಟು?"

"ಇಲ್ಲ. ಆದರೆ..."

"ನಾನು ಹನ್ನೊಂದು ವರ್ಷದಲ್ಲಿ ಒಂದು ಸುಳ್ಳು ಪ್ರಮಾಣಕ್ಕೆ ಸಹಿ ಹಾಕಿದವನಲ್ಲ. ಈಗ ಮನೆಯಲ್ಲೇ ಸುರು ಮಾಡ್ಲಾ?"

ಮಾತು ಸರಿಯಾಗಿತ್ತು. ಅದನ್ನು ಹೇಳಿದಾಗ ಕಾಂತಪ್ಪನ ಮುಖ ಮಾತ್ರ ಕೇಸು ಗೆದ್ದವನದಾಗಿತ್ತು. ಧರ್ಮಣ್ಣ ಅದನ್ನು ನೋಡಿ ಕಣ್ಣು ತಗ್ಗಿಸಿದ.

ಐದು ದಿನ ಮನೆಯಲ್ಲಿ ಅದೇ ಮಾತು. ಜುಲೈ 19, ಭಾನುವಾರ, ಧರ್ಮಣ್ಣ ಚಾ ಕುಡಿದು ಲೋಟ ಕೆಳಗಿಟ್ಟ.

"ಬೇರೆ ಒಲೆ ಸುಳ್ಳು ಅಂತ ತಾನೆ ನಿಮ್ಮ ತಕರಾರು? ನಿಜ ಮಾಡುವ. ಇವತ್ತಿನಿಂದ ನಮ್ಮ ಅಕ್ಕಿ ಬೇರೆ, ಎಣ್ಣೆ ಬೇರೆ, ಬೆಂಕಿ ಬೇರೆ. ರೇಷನ್ ಆಫೀಸಿಗೂ ಬರೆದು ಕೊಡ್ತೇನೆ. ಆಮೇಲೆ ನೀವು ಕಂಡದ್ದನ್ನು ಬರೆಯಿರಿ. ಆಯ್ತಾ?"

ಶೀಲಾವತಿ ಎದ್ದು ನಿಂತಳು. "ನನ್ನ ಅಣ್ಣನ ಮನೆಯಲ್ಲಿ ನನಗೆ ಬೇರೆ ಒಲೆಯಾ? ಒಲೆ ಬೇರೆ ಅಂದ್ರೆ ಪಾಲು. ನಮ್ಮ ಕುಟುಂಬದಲ್ಲಿ ಯಾರಾದರೂ ಪಾಲು ಕೇಳಿದ್ದುಂಟಾ? ಅಮ್ಮ ಇದ್ದಿದ್ರೆ..."

"ಅಮ್ಮ ಇದ್ದಿದ್ರೆ ವೋಚರ್ ಕೊಡ್ತಿದ್ರಾ?" ಎಂದ ಧರ್ಮಣ್ಣ.

"ಅಣ್ಣ, ನೀನಾದರೂ ಹೇಳು. ಬೇಡ ಅಂತ ಹೇಳು."

ಅಷ್ಟರಲ್ಲಿ ಅಡುಗೆಮನೆಯಿಂದ ಸದ್ದು ಕೇಳಿತು. ನೀಲಾವತಿ ಸ್ಟೂಲು ಹತ್ತಿ ಅಟ್ಟದಿಂದ ಹಳೆಯ ಸೀಮೆಎಣ್ಣೆ ಸ್ಟವ್ ಇಳಿಸಿಕೊಂಡಿದ್ದಳು. ಬೂದಿ ಹಾಕಿ ತಿಕ್ಕಿ, ಬತ್ತಿ ಕತ್ತರಿಸಿ, ಅಡುಗೆ ಕಟ್ಟೆಯ ಆ ಕೊನೆಗೆ, ಪಾತ್ರೆ ತೊಳೆಯುವ ಮೋರಿಯ ಕಿಟಕಿಯ ಕೆಳಗೆ ಇಟ್ಟಳು. ಮೂಲೆಗೆ ಒತ್ತಿ ಇಟ್ಟಳು. ಆಮೇಲೆ ಉಪ್ಪಿನ ಭರಣಿಯನ್ನು ಎತ್ತಿ ಅದರ ಹಳೆಯ ಜಾಗಕ್ಕೆ ತಂದಳು.

"ಮಾವ, ಅಫಿಡವಿಟ್‌ಗೆ ಡಿಸ್ಟನ್ಸ್ ಬೇಕಾ?" ವಾರಿಜಾ ಕಾಲೇಜಿನ ಸ್ಕೇಲು ತಂದಳು. ಒಂದು ಸ್ಟವ್ವಿನ ಬತ್ತಿಯ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದಳು. "ನೂರ ಇಪ್ಪತ್ತೇಳು ಸೆಂಟಿಮೀಟರ್."

"ಅಡಿಯಲ್ಲಿ ಹೇಳು. ಇಂಗ್ಲಿಷರಿಗೆ ಸೆಂಟಿಮೀಟರ್ ಅರ್ಥ ಆಗುದಿಲ್ಲ."

"ನಾಲ್ಕು ಅಡಿ ಎರಡು ಇಂಚು."

"ದೂರ ಮುಖ್ಯ ಅಲ್ಲ," ಎಂದ ಧರ್ಮಣ್ಣ, ಕರಡಿನಲ್ಲಿ ಬರೆದುಕೊಳ್ಳುತ್ತ. "ಬೆಂಕಿ ಬೇರೆ ಇರಬೇಕು, ಧಾನ್ಯ ಬೇರೆ ಇರಬೇಕು. ಒಬ್ಬರ ಪಾತ್ರೆಯಿಂದ ಇನ್ನೊಬ್ಬರು ಉಣ್ಣಬಾರದು. ಅಷ್ಟೇ. ಆದರೆ ವಿವರ ಇದ್ದಷ್ಟೂ ನಂಬ್ತಾರೆ."

ಆ ದಿನ ಶೀಲಾವತಿ ಬೇರೆ ಸ್ಟವ್ ಹಚ್ಚಲಿಲ್ಲ. ಇಬ್ಬರೂ ಬನ್ನು, ಬಾಳೆಹಣ್ಣು ತಿಂದರು. ಮರುದಿನ ಹಚ್ಚಿದಳು.

ಮೊದಲ ವಾರ ನೀಲಾವತಿ ಅಡುಗೆಮನೆಯಲ್ಲಿ ಹಾಡು ಗುನುಗಿದಳು. ತನ್ನ ಸಾರಿಗೆ ಯಾರೂ ನೀರು ಬೆರೆಸುವವರಿಲ್ಲ. ದೋಸೆ ದಪ್ಪವಾದರೆ ದಪ್ಪ. ಆದರೆ ಎರಡನೇ ವಾರ ಒಂದು ಸಂಜೆ ಶೀಲಾವತಿ ಕೊತ್ತಂಬರಿ, ಮೆಣಸು, ಮೆಂತೆ ಹುರಿದು, ತೆಂಗಿನಕಾಯಿ ಹಾಕಿ ಅರೆದು, ಗ್ಯಾಲರಿಯ ಡಬ್ಬಿಯಲ್ಲಿ ಬೆಳೆದ ಬಸಳೆಗೆ ಒಣಸಿಗಡಿ ಸೇರಿಸಿ ಗಸಿ ಮಾಡಿದಳು. ಅದು ಅವರ ತಾಯಿಯ ಕೈಯ ಕ್ರಮ. ನೀಲಾವತಿ ಇಪ್ಪತ್ತು ವರ್ಷ ಪ್ರಯತ್ನಿಸಿದ್ದಳು. ಕಾಂತಪ್ಪ ಪ್ರತಿ ಸಲ "ಚೆನ್ನಾಗುಂಟು" ಎಂದಿದ್ದ.

ಊಟದ ಹೊತ್ತು ಬೇರೆಯಾಗಿತ್ತು, ಜಾಗ ಒಂದೇ. ಅವರು ಉಂಡು ಏಳುವ ಹೊತ್ತಿಗೆ ಇವರು ಕೂರುವುದು. ಆ ದಿನ ಕಾಂತಪ್ಪ ಹತ್ತು ನಿಮಿಷ ಮೊದಲೇ ಬಂದು ಕೂತ. ಧರ್ಮಣ್ಣ ಬಟ್ಟಲು ಒರೆಸಿ ಬೆರಳು ನೆಕ್ಕುವುದನ್ನು ನೋಡುತ್ತಿದ್ದ.

"ಬಡಿಸ್ಲಾ?" ಎಂದಳು ನೀಲಾವತಿ.

"ಹೂಂ."

"ಅಲ್ಲಿ ಎಂತ ನೋಡುದು? ನಿಮ್ಮ ಬಟ್ಟಲು ಇಲ್ಲಿ ಉಂಟು."

"ನೋಡಿದ್ದಲ್ಲ. ಹೊಗೆ ಬಂತು ಕಣ್ಣಿಗೆ."

"ಹೊಗೆ ಮೂಗಿಗೂ ಬಂದಿರ್ಬೇಕು," ಎಂದು ನೀಲಾವತಿ ಅನ್ನ ಬಡಿಸಿದಳು. ಅವನು ಅರ್ಧ ಉಂಡು ಎದ್ದ. ಮರುದಿನದಿಂದ ಅವಳು ಹಾಡು ನಿಲ್ಲಿಸಿದಳು.

ಅಫಿಡವಿಟ್‌ನ ಕರಡು ಕಾಂತಪ್ಪನ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಇತ್ತು. ಅವನು ಅದರ ಮೇಲೆ ಬೇರೆ ಫೈಲು ಇಡುತ್ತಿದ್ದ. ಧರ್ಮಣ್ಣ ಸಂಜೆ ಆ ಫೈಲು ಎತ್ತಿ ಪಕ್ಕಕ್ಕಿಡುತ್ತಿದ್ದ. ಕೇಳಿದರೆ, "ಇನ್ನೂ ನೋಡಬೇಕು. ನಾಲ್ಕು ದಿನ ಬೇರೆ ಅಡುಗೆ ಮಾಡಿದ್ರೆ ಬೇರೆ ಕುಟುಂಬ ಆಗ್ತದಾ?" ಎನ್ನುತ್ತಿದ್ದ.

ಆಗಸ್ಟ್ ಮೊದಲ ವಾರ ಜಮನಾದಾಸನ ಅರ್ಜಿ ಮುಗಿಯಿತು. ಅವನು ಪೇಡೆಯ ಪೆಟ್ಟಿಗೆ ತಂದು ಧರ್ಮಣ್ಣನಿಗೆ ಕೊಟ್ಟು, ತಮ್ಮವರು ಇನ್ನು ಯಾರ ಬಳಿ ಹೋಗಬೇಕೆಂದು ಕಾಂತಪ್ಪನ ಕಡೆ ತಿರುಗಿ ಕೇಳಿದ. "ಸುನಾ ಹೈ ಬ್ಯಾರಿಸ್ಟರ್ ಸಾಹೇಬ್ ಲಂಡನ್ ಜಾಯೇಂಗೆ. ಹಮಾರೇ ಲೋಗ್ ಕಿಸ್ ಕೇ ಪಾಸ್ ಜಾಯೇಂಗೆ?"

"ನಾನಿಲ್ವಾ?" ಎಂದ ಕಾಂತಪ್ಪ.

"ಹಾಂ ಹಾಂ, ಆಪ್ ತೋ ಹೈಂ," ಎಂದ ಜಮನಾದಾಸ್ ಸಮಾಧಾನದಿಂದ. "ಸಹೀ ಕರ್ನೇ ಕೇ ಲಿಯೇ."

ಸಹಿ ಹಾಕಲಿಕ್ಕೆ. ಆ ದಿನ ಕಾಂತಪ್ಪ ಕರಡಿನ ಮೇಲೆ ಎರಡು ಫೈಲು ಇಟ್ಟ.

ವಾರಿಜಾ ಅದನ್ನು ಕಂಡಳು. ಪ್ರಯೋಗದ ಪುಸ್ತಕ ಮುಚ್ಚಿ ಎದುರು ಬಂದು ನಿಂತಳು.

"ಅಪ್ಪ, ಇನ್ನು ಎಂಟು ದಿನ ಉಂಟು."

"ಗೊತ್ತುಂಟು."

"ನಿಮಗೆ ಮಾವ ಹೋಗ್ಬೇಕಾ, ಇರ್ಬೇಕಾ? ಏಕ್ ಬಾತ್ ಬೋಲೋ. ಇಲ್ಲಿ ಇದ್ರೆ ಕ್ಲಯಂಟೆಲ್ಲ ಅವರ ಹತ್ತಿರ ಹೋಗ್ತಾರೆ ಅಂತ ಹೊಟ್ಟೆಕಿಚ್ಚು. ಹೋದ್ರೆ ಲಂಡನ್ ಹೋದ್ರು ಅಂತ ಜಲನ್. ದೋನೋ ತರಫ್ ಸೆ?"

"ಏಯ್!" ಕಾಂತಪ್ಪ ಮೇಜು ಬಡಿದ. ಮಸಿ ಕುಡಿಕೆ ಅಲುಗಿತು. "ಯಾರ ಹತ್ತಿರ ಮಾತಾಡ್ತಾ ಇದ್ದಿ?"

"ಟೋಪಿ ಹಾಕಿ ನೋಡಿದವರ ಹತ್ತಿರ," ಎಂದು ಅವಳು ಒಳಗೆ ಹೋದಳು. ಹೋದವಳು ಅಳುವುದು ಹೊರಗೆ ಕೇಳುತ್ತಿತ್ತು. ಕಾಂತಪ್ಪ ಕುಡಿಕೆ ಸರಿ ಮಾಡಿ, ಕರಡು ಹೊರತೆಗೆದು, ಮೊದಲ ಸಲ ಪೂರ್ತಿ ಓದಿದ. ಒಂದು ಕಾಗುಣಿತದ ತಪ್ಪು ಹುಡುಕಿದ. ಸಿಗಲಿಲ್ಲ.

ಆಗಸ್ಟ್ 9, ಭಾನುವಾರ. ಮಧ್ಯಾಹ್ನ ಒಂದೂಕಾಲು. ಧರ್ಮಣ್ಣ ಉಂಡು ಗ್ಯಾಲರಿಯಲ್ಲಿ ಕೈ ತೊಳೆಯುತ್ತಿದ್ದ. ಕಾಂತಪ್ಪ ಬಟ್ಟಲಿನ ಮುಂದೆ ಕೂತಿದ್ದ. ನೀಲಾವತಿ ಬದನೆಕಾಯಿ ಪಲ್ಯ ಬಡಿಸಿದ್ದಳು. ಆಗ ಶೀಲಾವತಿ ತನ್ನ ಪಾತ್ರೆಯಿಂದ ಬಸಳೆ ಗಸಿಯನ್ನು ಒಂದು ಸ್ಟೀಲಿನ ಬೋಗುಣಿಗೆ ಬಗ್ಗಿಸಿ ತಂದು ಅಣ್ಣನ ಮುಂದೆ ಇಟ್ಟಳು.

"ತಿನ್ನು," ಎಂದಳು.

ಧರ್ಮಣ್ಣ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತ.

"ಮೂರು ವಾರ ಆಯ್ತು. ದಿನಾ ಅಲ್ಲಿಂದ ನೋಡ್ತಿ. ನಾನು ಕುರುಡಿ ಅಲ್ಲ. ಯಾವ ಸರ್ಕಾರ ಹೇಳಿದ್ರೂ ನನ್ನ ಅಣ್ಣ ಹಸಿದ ಹೊಟ್ಟೆಯಲ್ಲಿ ಏಳುದನ್ನು ನಾನು ನೋಡುದಿಲ್ಲ. ತಿನ್ನು."

ಹಸಿದ ಹೊಟ್ಟೆ ಎಂಬ ಮಾತಿಗೆ ನೀಲಾವತಿಯ ಕೈಯ ಸೌಟು ನಿಂತಿತು. ಅವಳು ಗಂಡನನ್ನೇ ನೋಡಿದಳು.

ಬೋಗುಣಿಯಿಂದ ಹಬೆ ಬರುತ್ತಿತ್ತು. ಒಂದು ತುತ್ತು ಸಾಕು. ಒಂದು ತುತ್ತು ಉಂಡರೆ ಒಲೆ ಬೇರೆಯಲ್ಲ, ಕುಟುಂಬ ಬೇರೆಯಲ್ಲ. ಆಮೇಲೆ ಕಾಂತಪ್ಪ ನಾಳೆ ಕೋರ್ಟಿನಲ್ಲಾಗಲಿ, ದೇವರ ಮುಂದಾಗಲಿ ತಲೆಯೆತ್ತಿ ಹೇಳಬಹುದಿತ್ತು: ನಾನು ಸುಳ್ಳು ಪ್ರಮಾಣ ಮಾಡಲಾರೆ. ಧರ್ಮಣ್ಣ ಅದನ್ನು ತಿಳಿದೇ ಬಾಗಿಲಲ್ಲಿ ನಿಂತಿದ್ದ. ಅವನ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಕಾಂತಪ್ಪ ಬೋಗುಣಿಯ ಅಂಚು ಹಿಡಿದ. ಬಿಸಿಯಿತ್ತು, ಬೆರಳು ತೆಗೆದು ಮತ್ತೆ ಹಿಡಿದ. ಅದನ್ನು ತಂಗಿಯ ಕಡೆ ತಳ್ಳಿದ.

"ತೆಗಿ," ಎಂದ.

"ಅಣ್ಣ..."

"ನಿನ್ನ ಒಲೆ ಬೇರೆ. ತೆಗೆದುಕೊಂಡು ಹೋಗು ಶೀಲಾ."

ಶೀಲಾವತಿ ಬೋಗುಣಿ ಎತ್ತಿಕೊಂಡು ಹೋದಳು. ಮೋರಿಯ ಬಳಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅಮ್ಮನ ಮಗ ನನ್ನ ಕೈಯ ಅನ್ನ ಬೇಡ ಅಂದ," ಎಂದಳು. ಎರಡು ಸಲ ಎಂದಳು. ಕಾಂತಪ್ಪ ಬದನೆಕಾಯಿ ಪಲ್ಯದಲ್ಲಿ ಅನ್ನ ಕಲಸಿ, ಬಟ್ಟಲಿನಲ್ಲಿ ಒಂದಗುಳೂ ಬಿಡದೆ ಉಂಡ. ಉಪ್ಪು ಹೆಚ್ಚಾಗಿತ್ತು.

ಸಂಜೆ ಧರ್ಮಣ್ಣ ಅವನ ಪಕ್ಕ ಬೆಂಚಿನಲ್ಲಿ ಕೂತ.

"ಥ್ಯಾಂಕ್ಸ್ ಭಾವ."

"ಥ್ಯಾಂಕ್ಸ್ ಬೇಡ. ನಲವತ್ತೊಂಬತ್ತರಲ್ಲಿ ನಾನು ನಿಮ್ಮನ್ನು ಹಡಗು ಹತ್ತಿಸಿ ಬಂದೆ. ನಡೆದು ಬಂದೆ, ಬಂದರಿನಿಂದ ಹೋಟೆಲಿನವರೆಗೆ. ಟ್ರಾಮಿಗೆ ದುಡ್ಡಿತ್ತು. ಆದರೂ ನಡೆದೆ."

"ನನಗೆ ಗೊತ್ತಿರಲಿಲ್ಲ."

"ಹೇಳುವ ಮಾತಾ ಅದು?" ಕಾಂತಪ್ಪ ಕರಡನ್ನು ಎಳೆದುಕೊಂಡ. "ಒಂದು ಕೆಲಸ ಮಾಡಿ. ಕೊನೆಯ ಪ್ಯಾರಾದಲ್ಲಿ 'ಯಾವ ದ್ವೇಷ ಅಸೂಯೆ ಇಲ್ಲದೆ ಈ ಹೇಳಿಕೆ ಕೊಡುತ್ತಿದ್ದೇನೆ' ಅಂತ ಬರೆದಿದ್ದೀರಿ. ಅದನ್ನು ಹೊಡೆದುಹಾಕಿ."

"ಯಾಕೆ?"

"ಸುಳ್ಳಾಗ್ತದೆ."

ಧರ್ಮಣ್ಣ ಪೆನ್ನು ತೆಗೆದು ಆ ಸಾಲು ಹೊಡೆದ. ಆಮೇಲೆ ಇಬ್ಬರೂ ಹೊಸ ಕಕ್ಷಿಗಾರನ ಅರ್ಜಿ ಬಿಚ್ಚಿಕೊಂಡರು. ಯಾವ ಕಾಲಮ್ಮಿನಲ್ಲಿ ಏನು ಬರೆಯಬಾರದು ಎಂದು ಧರ್ಮಣ್ಣ ಹೇಳುತ್ತ ಹೋದ. ಕಾಂತಪ್ಪ ರಾತ್ರಿಶಾಲೆಯಲ್ಲಿ ಬರೆದುಕೊಳ್ಳುತ್ತಿದ್ದ ಹಾಗೆ ಅಂಚಿನಲ್ಲಿ ಗೆರೆ ಎಳೆದು ಬರೆದುಕೊಂಡ.

ಸೋಮವಾರ, ಮಂಗಳವಾರ ಮಳೆ ಬಿಡಲಿಲ್ಲ. ಮೋರಿಯ ಕಿಟಕಿಯಿಂದ ಇರಚಲು ಹೊಡೆದು ಶೀಲಾವತಿಯ ಸ್ಟವ್ ಮೂರು ಸಲ ಆರಿತು. ಒಳಗೆ ಹೆಂಗಸರಿಬ್ಬರ ಮಾತು ಕೇಳುತ್ತಿತ್ತು.

"ಅಲ್ಲಿ ಮೂಲೆಯಲ್ಲಿ ಎಂತಕ್ಕೆ ಸಾಯ್ತಿ?"

"ನೀವೇ ಇಟ್ಟದ್ದಲ್ವಾ ಅತ್ತಿಗೆ?"

"ಇಟ್ಟೆ. ಇಟ್ಟ ದಿನ ಮಳೆ ಇರಲಿಲ್ಲ."

ಸ್ವಲ್ಪ ಹೊತ್ತು ಕಟ್ಟೆಯ ಕಲ್ಲಿನ ಮೇಲೆ ಸ್ಟವ್ ಎಳೆದ ಸದ್ದು ಬಂತು. ಆಮೇಲೆ ಶೀಲಾವತಿಯ ಧ್ವನಿ: "ಕೊತ್ತಂಬರಿ ಅಷ್ಟು ಹುರಿಯಬಾರದು. ಅಮ್ಮ ಬಣ್ಣ ಬರುವ ಮೊದಲೇ ಇಳಿಸ್ತಿದ್ರು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದುಂಟಾ?"

ಆಗಸ್ಟ್ 12, ಬುಧವಾರ, ಬೆಳಿಗ್ಗೆ ಎಂಟೂವರೆಗೆ ಕಾಂತಪ್ಪ ಕರಿಕೋಟು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಎರಡೂ ಸ್ಟವ್ ಉರಿಯುತ್ತಿದ್ದವು. ಒಂದರ ಮೇಲೆ ಇವರ ಅನ್ನ, ಇನ್ನೊಂದರ ಮೇಲೆ ಅವರದು. ಅಕ್ಕಿಯ ಡಬ್ಬಿಗಳು ಬೇರೆ, ಎಣ್ಣೆಯ ಬಾಟಲಿಗಳು ಬೇರೆ.

"ವಾರಿಜಾ, ಸ್ಕೇಲು ತಾ."

"ಅಳೆದಾಗಿದೆ ಅಲ್ವಾ ಅಪ್ಪ, ಜುಲೈಯಲ್ಲಿ?"

"ಜುಲೈಯ ಅಳತೆ ಆಗಸ್ಟಿನ ಪ್ರಮಾಣಕ್ಕೆ ಆಗುದಿಲ್ಲ."

ಅವಳು ಅಳೆದಳು. ಇನ್ನೊಮ್ಮೆ ಅಳೆದಳು. ತಾಯಿಯ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಇಬ್ಬರೂ ತಮ್ಮ ತಮ್ಮ ಪಾತ್ರೆ ನೋಡುತ್ತಿದ್ದರು. ಅವಳು ಚೀಟಿಯಲ್ಲಿ ಬರೆದು ಅಪ್ಪನಿಗೆ ಕೊಟ್ಟಳು. ಕಾಂತಪ್ಪ ಓದಿ, ಮಡಚಿ, ಕಿಸೆಗೆ ಹಾಕಿಕೊಂಡು ಲೋಕಲ್ ಹಿಡಿದ.

ಬಂಡೆಪ್ಪ ಹಸಿರು ಕಾಗದ ಏರಿಸಿ ಐದು ಪ್ಯಾರಾ ಒಂದೇ ಉಸಿರಿಗೆ ಬಡಿದ. ಆರನೆಯದಕ್ಕೆ ನಿಂತ.

"ಅಡಗಿ ವ್ಯವಸ್ಥಾ ಅಂತ ಐತ್ರಿ ಇಲ್ಲಿ. ಎರಡು ಒಲಿ ನಡುವಿನ ದೂರ ನಾಕ್ ಅಡಿ ಎರಡ್ ಇಂಚು. ಬಡೀಲೇನ್ರಿ?"

"ಬೇಡ," ಎಂದ ಕಾಂತಪ್ಪ, ಕಿಸೆಯಿಂದ ಚೀಟಿ ತೆಗೆಯುತ್ತ. "ಅದು ಹಳೆಯದು."

ಬಂಡೆಪ್ಪ ಚೀಟಿ ನೋಡಿದ. "ಭಾಳ ಕಮ್ಮಿ ಆತಲ್ರೀ ವಕೀಲ್ರ? ಇಷ್ಟಕ್ಕ ಬ್ಯಾರೆ ಮನಿ ಅಂತಾರೇನ್ರಿ ಅವ್ರು?"

"ಬೆಂಕಿ ಬೇರೆ, ಧಾನ್ಯ ಬೇರೆ. ದೂರ ಎಷ್ಟಿರಬೇಕು ಅಂತ ಅವರು ಕೇಳಲಿಲ್ಲ. ಎಷ್ಟುಂಟೋ ಅಷ್ಟು ಟೈಪ್ ಮಾಡು."

ಬಂಡೆಪ್ಪ ಕಾಗದ ಸರಿ ಮಾಡಿ, ಒಂದೊಂದೇ ಅಕ್ಷರ ನೋಡಿಕೊಂಡು ಬಡಿದ: ಒಂದು ಅಡಿ ಒಂಬತ್ತು ಇಂಚು.